ಅಕ್ಕನ ಮುಖ

ಕಾಳಿ ನದಿಯ ದಂಡೆಯ ಮೇಲೆ ಒಬ್ಬ ಗುರುಗಳಿದ್ದರು. ಗುರು ಎಂದೊಡನೆ ಗಡ್ಡ, ಕಾವಿ, ಕಮಂಡಲ ಹುಡುಕಲು ಹೋಗಬೇಡಿ. ಇವರದು ಅರ್ಧ ತೋಳಿನ ಅಂಗಿ, ಕಿವಿಯ ಸಂದಿಯಲ್ಲೊಂದು ಬೀಡಿ. ಆಶ್ರಮ ಎಂದರೆ ಎರಡು ಕೋಣೆಯ ಹೆಂಚಿನ ಮನೆ. ಮಂತ್ರ ಗಿಂತ್ರ ಏನೂ ಬಾರದು. ಬರುತ್ತಿದ್ದುದು ಫೋಟೊ ತೆಗೆಯುವುದೊಂದೇ.

ಹೆಸರು ಜುಜೆ ಸಿದ್ದಿ. ಸುತ್ತಲಿನವರಿಗೆ ಜುಜೆ ಮಾಸ್ತರು.

ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನರ ಮಕ್ಕಳು ಮೊಮ್ಮಕ್ಕಳು ಈ ನೆಲದಲ್ಲಿ ಅಲ್ಲಲ್ಲಿ ಚೆದುರಿಕೊಂಡಿದ್ದಾರೆ. ಯಲ್ಲಾಪುರ ಹಳಿಯಾಳದ ಕಾಡಂಚಿನಲ್ಲಿ ಇದ್ದಾರೆ, ಗುಜರಾತಿನ ಹಳ್ಳಿಗಳಲ್ಲಿ ಇದ್ದಾರೆ, ಹೈದರಾಬಾದಿನ ಗಲ್ಲಿಗಳಲ್ಲಿ, ಸಮುದ್ರ ದಾಟಿದರೆ ಸಿಂಹಳದ ಕರಾವಳಿಯಲ್ಲೂ ಇದ್ದಾರೆ. ಮಾಸ್ತರು ಅವರಲ್ಲೊಬ್ಬರು, ಇಲ್ಲಿಯವರ ಮಾತಿನಲ್ಲಿ ಸಿದ್ದಿ. ಐವತ್ತು ವರ್ಷ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಸಿಕ್ಕ ಬಸ್ಸು ರೈಲು ಹತ್ತಿ, ತಮ್ಮವರ ಮುಖಗಳನ್ನು ಹುಡುಕಿಕೊಂಡು ಹೋಗಿದ್ದರು.

ದೊಡ್ಡ ಊರುಗಳಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಶಾಲು ಹೊದಿಸುತ್ತಿದ್ದರು. ಮಾಸ್ತರು ಆ ಶಾಲುಗಳನ್ನು ಕ್ಯಾಮೆರಾಕ್ಕೆ ಸುತ್ತಿಡಲು ಬಳಸುತ್ತಿದ್ದರು.

ಇಂಥವರ ಬಳಿಗೆ ಒಂದು ದಿನ ಹುಬ್ಬಳ್ಳಿಯಿಂದ ವತ್ಸಲಾ ಬಂದಳು.

ವತ್ಸಲಾಳ ಅಪ್ಪನದು ಫೋಟೊ ಸ್ಟುಡಿಯೊ. ಹದಿನಾರನೆಯ ವಯಸ್ಸಿಗೇ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ಕೆಲಸ ಒಂದೇ, ಫೋಟೊದಲ್ಲಿ ಮುಖ ಬೆಳ್ಳಗೆ ಮಾಡುವುದು. ಹತ್ತು ವರ್ಷದಲ್ಲಿ ಎಷ್ಟು ಮದುಮಕ್ಕಳನ್ನು ಬೆಳ್ಳಗೆ ಮಾಡಿದ್ದಳೋ ದೇವರಿಗೇ ಗೊತ್ತು. ಧಾರವಾಡದಲ್ಲಿ ಒಮ್ಮೆ ಮಾಸ್ತರರ ಪ್ರದರ್ಶನಕ್ಕೆ ಹೋಗಿ, ಯಾರೂ ಕೈ ಹಚ್ಚದ ಮುಖವನ್ನು ಮೊದಲ ಸಲ ನೋಡಿದಳು. ಅಂದಿನಿಂದ ಅವಳಿಗೆ ತನ್ನ ಕೆಲಸ ರುಚಿಸಲಿಲ್ಲ.

"ನಿನಗ ಏನ್ ಬರ್ತೈತಿ?" ಮಾಸ್ತರು ಕೇಳಿದರು.

"ಟಚಿಂಗ್ ಬರ್ತದ್ರಿ. ಎಂಥಾ ಮುಖಾ ಕೊಡ್ರಿ, ತಿಳಿ ಮಾಡಿ ಕೊಡ್ತೀನಿ."

ಮಾಸ್ತರು ಕಿವಿಯ ಸಂದಿಯ ಬೀಡಿ ತೆಗೆದು, ಹಚ್ಚದೆ ಹಾಗೇ ಕೈಯಲ್ಲಿ ಹಿಡಿದುಕೊಂಡರು.

"ಒಳಗ ಒಲಿ ಮ್ಯಾಲ ಒಂದ ಗಡಗಿ ಐತಿ. ಅದರ ಫೋಟೊ ತಗದು ತಾ."

ಮಸಿ ಹಿಡಿದು ಹಿಡಿದು ಕರ್ರಗಾದ ಮಣ್ಣಿನ ಗಡಿಗೆ. ವತ್ಸಲಾ ತೆಗೆದು ತಂದಳು. ಮಾಸ್ತರು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಇದು ಗಡಗಿ ಅಲ್ಲ. ತೂತು."

ಮರುದಿನ ಬೆಳಕು ಹೆಚ್ಚಿಸಿ ತೆಗೆದಳು.

"ಇದೂ ಗಡಗಿ ಅಲ್ಲ. ಬೂದಿ."

ಹೀಗೆ ಎರಡು ತಿಂಗಳು ಗಡಿಗೆಯೇ ಗಡಿಗೆ. ಕುಂಬಾರನೂ ಒಂದು ಗಡಿಗೆಯನ್ನು ಅಷ್ಟು ನೋಡಿರಲಿಕ್ಕಿಲ್ಲ. ಕ್ಯಾಮೆರಾ ತಾನೇ ಹಾಕುವ ಬೆಳಕಿನ ಲೆಕ್ಕವನ್ನು ನಂಬಬಾರದು ಎಂದು ಅವಳಿಗೆ ಮೆಲ್ಲಗೆ ತಿಳಿಯಿತು. ಕಪ್ಪು ಕಂಡರೆ ಅದು ಬೂದಿ ಮಾಡಲು ನೋಡುತ್ತದೆ, ಹಿಂದೆ ಬಿಳಿ ಗೋಡೆ ಬಂದರೆ ತೂತು ಮಾಡುತ್ತದೆ. ಕಿಟಕಿಯ ಕಡೆಯ ಕಪ್ಪಿನಲ್ಲಿ ನೀಲಿ ಇತ್ತು. ಕಂಠದ ಹತ್ತಿರ ಕೆಂಪು ಇತ್ತು. ಬುಡದ ಕಪ್ಪೇ ಬೇರೆ.

"ಗಡಗ್ಯಾಗ ಎಷ್ಟ ಕಪ್ಪು ಅದಾವು?" ಮಾಸ್ತರು ಒಂದು ದಿನ ಕೇಳಿದರು.

"ನನಗ ಏಳು ಕಂಡವ್ರಿ."

"ಮನಷ್ಯಾರಾಗ ಅದಕ್ಕಿಂತ ಹೆಚ್ಚ ಅದಾವು. ನಾಳಿಂದ ಮಂದೀದ ತಗಿ."

ಅವಳು ಮಂದಿಯ ಫೋಟೊ ತೆಗೆಯಲು ತೊಡಗಿದಳು. ಅಷ್ಟರಲ್ಲೇ ಮಾಸ್ತರರಿಗೆ ಕಣ್ಣು ಕಾಣುವುದು ಕಡಿಮೆಯಾಗುತ್ತ ಬಂತು. ಕಣ್ಣಿನ ನರ ಒಣಗಿದೆ, ಆಪರೇಶನ್ ಮಾಡಿಯೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿ ಆಗಿತ್ತು. ಮೊದಲು ಅಕ್ಷರ ಹೋದವು. ಆಮೇಲೆ ಹೊಳೆಯ ಆಚೆ ದಂಡೆ ಹೋಯಿತು. ಕೊನೆಗೆ ಎದುರು ನಿಂತವರು ಬರೀ ನೆರಳಾದರು.

ವತ್ಸಲಾ ಅವರ ಹಳೆಯ ಚಿತ್ರಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತ ಒಂದು ದಿನ ಕೇಳಿದಳು.

"ಗುರುಗಳ, ಇದರಾಗ ನಿಮಗ ಎಲ್ಲಾಕ್ಕಿಂತ ಚಲೋ ಅನಿಸಿದ್ದು ಯಾವುದ್ರಿ?"

"ಅದನ್ನ ಇನ್ನೂ ತಗದಿಲ್ಲ."

"ಯಾರದ್ರಿ ಅದು?"

ಮಾಸ್ತರು ಕಾಣದ ಆಚೆ ದಂಡೆಯ ಕಡೆ ಗದ್ದ ಎತ್ತಿ ತೋರಿಸಿದರು.

ಆಚೆ ದಂಡೆಯ ಕೇರಿಯಲ್ಲಿ ಅವರ ಅಕ್ಕ ಕತ್ರೀನಬಾಯಿ ಇದ್ದಳು. ತಾಯಿ ಸತ್ತ ಮೇಲೆ ಜುಜೆಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಈಗ ಎಂಬತ್ತು ದಾಟಿತ್ತು. ಊರೂರಿನ ಸಿದ್ದಿಗಳೆಲ್ಲ ಮಾಸ್ತರರ ಕ್ಯಾಮೆರಾದ ಎದುರು ಕೂತರೂ ಅಕ್ಕ ಮಾತ್ರ ಕೂರಲಿಲ್ಲ. ತಮ್ಮ ಹೋದರೆ ಊಟಕ್ಕೆ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕಳಿಸುತ್ತಿದ್ದಳು. ಕ್ಯಾಮೆರಾ ಹೊರಗೆ ತೆಗೆದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಕೇರಿಯವರು ಮಾಸ್ತರರನ್ನು ಆಡಿಕೊಳ್ಳುತ್ತಿದ್ದರು. ಮಾಸ್ತರು ನಕ್ಕು ಸುಮ್ಮನಾಗುತ್ತಿದ್ದರು, ಆದರೆ ಆ ನಗು ನೋಡುವವರಿಗೆ ಹಿಂಸೆಯಾಗುತ್ತಿತ್ತು.

"ಯಾಕ ಕುಂಡ್ರಂಗಿಲ್ರಿ ಅವರು?"

"ಆಕಿಗೆ ಕೇಳು."

ಕೇಳುವ ಧೈರ್ಯ ಯಾರಿಗಿತ್ತು?

ಮಳೆಗಾಲ ಕಳೆದ ಮೇಲೆ ಕತ್ರೀನಬಾಯಿ ಹಾಸಿಗೆ ಹಿಡಿದಳು. ಒಂದು ಬೆಳಗ್ಗೆ ಅವಳ ಮಗಳು ರೊಜಿನಾ ದೋಣಿ ಹತ್ತಿ ಈಚೆ ಬಂದಳು. ಜಗುಲಿಯ ಕೆಳಗೇ ನಿಂತು ಹೇಳಿದಳು.

"ಸ್ವಾದರಮಾವ, ಅವ್ವ ಕರದಾಳು. ಪೆಟಿಗಿ ತಗೊಂಡು ಬರಬೇಕಂತ."

"ಯಾವ ಪೆಟಿಗಿ?"

"ಫೋಟೊ ಪೆಟಿಗಿ."

ಮಾಸ್ತರು ಎದ್ದರು, ಮತ್ತೆ ಕೂತರು. ತಮ್ಮ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡರು. ಅವು ಕಾಣಲಿಲ್ಲ. ಐವತ್ತು ವರ್ಷ ಕಾದದ್ದು ಬಂತು, ಬಂದಾಗ ಕಣ್ಣು ಇರಲಿಲ್ಲ. ವತ್ಸಲಾಗೆ ಅವರನ್ನು ನೋಡಲಾಗಲಿಲ್ಲ. ಸುಮ್ಮನೆ ಕ್ಯಾಮೆರಾ ಒರೆಸುತ್ತ ಕೂತಳು.

ಆಚೆ ದಂಡೆಯ ಮನೆಯಲ್ಲಿ ರೊಜಿನಾ ತಾಯಿಯ ಹೊರಸನ್ನು ಬಾಗಿಲ ಬೆಳಕಿಗೆ ಎಳೆದು ತಂದಿದ್ದಳು. ಕತ್ರೀನಬಾಯಿ ದಿಂಬಿಗೆ ಆತು ಕೂತಿದ್ದಳು. ಎಲುಬು ಚರ್ಮ ಅಷ್ಟೇ ಉಳಿದಿದ್ದ ಮುದುಕಿ, ಆದರೆ ನೋಟ ಗಟ್ಟಿಯಾಗಿತ್ತು.

"ಬಂದೇನ ಜುಜ್ಯಾ?"

"ಬಂದೆ ಅಕ್ಕ. ಖರೇ, ನನಗ ಕಾಣಂಗಿಲ್ಲ. ಈಕಿ ತಗೀತಾಳ. ಈಕಿ ಕಣ್ಣು ಅಂದ್ರ ನನ್ನ ಕಣ್ಣು ಅಂತ ತಿಳಿ."

ಕತ್ರೀನಬಾಯಿ ವತ್ಸಲಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಒಂದ ತಗಿ, ತಂಗಿ. ಒಂದ ಸಾಕು. ನೋಡಿ ತಗಿ."

ವತ್ಸಲಾ ನೋಡಿದಳು. ಬಹಳ ಹೊತ್ತು ನೋಡಿದಳು. ಮಾಸ್ತರು ಅವಳ ಪಕ್ಕದಲ್ಲಿ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತಿದ್ದರು. ಬೆಳಕು ಎಲ್ಲಿಂದ ಬರುತ್ತದೆ, ಕಪ್ಪು ಎಲ್ಲಿ ನೀಲಿಯಾಗುತ್ತದೆ, ಎಲ್ಲಿ ಕೆಂಪಾಗುತ್ತದೆ, ಎಲ್ಲವನ್ನೂ ನೋಡಿ ಒಂದೇ ಸಲ ಗುಂಡಿ ಒತ್ತಿದಳು.

ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯಲ್ಲಿ ಚಿತ್ರ ತೋರಿಸಿದಳು. ರೊಜಿನಾ ಬಗ್ಗಿ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡು ಬಿಕ್ಕಿದಳು. ಮುದುಕಿ ಕ್ಯಾಮೆರಾವನ್ನೇ ಕೈಗೆ ತೆಗೆದುಕೊಂಡು ನೋಡಿದಳು.

"ಜುಜ್ಯಾ, ಈ ಹುಡುಗಿ ಚಲೋ ನೋಡ್ಯಾಳ."

ಮಾಸ್ತರು ಚೌಕಟ್ಟಿನಿಂದ ಹಣೆ ಎತ್ತಿದರು.

"ಕಾಗದಕ್ಕ ಹಾಕಿಸಿ ತಾ, ವತ್ಸಲಾ. ಕೈಲೆ ಆದರೂ ಹಿಡೀತೀನಿ."

ಅವಳು ಹುಬ್ಬಳ್ಳಿಗೆ ಹೋದಳು, ಅಪ್ಪನ ಸ್ಟುಡಿಯೊಗೆ. ಒಳ್ಳೆಯ ಯಂತ್ರ ಇದ್ದದ್ದು ಅಲ್ಲೇ. ಚಿತ್ರವನ್ನು ಕಂಪ್ಯೂಟರಿಗೆ ಹಾಕಿದಳು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಖಾಲಿ ಮಾಡಿ ಮೇಜಿನ ಮೇಲಿಟ್ಟಳು, ಅದು ಆ ಸ್ಟುಡಿಯೊದ ನಿಯಮ. ಸಂಜೆಗೆ ಅವಳ ತಮ್ಮ ಅದೇ ಕಾರ್ಡ್ ಎತ್ತಿಕೊಂಡು ಮದುವೆಯ ಫೋಟೊ ತೆಗೆಯಲು ಹೋದ.

ಮರುದಿನ ಬೆಳಗ್ಗೆ ರೊಜಿನಾಳ ಫೋನು ಬಂತು.

"ಅವ್ವ ಹೋದ್ಲು, ಬಾಯಿ."

ವತ್ಸಲಾ ಅಳುತ್ತಲೇ ಕಂಪ್ಯೂಟರ್ ಮುಂದೆ ಕೂತಳು.

ಇಲ್ಲಿ ಒಂದು ಮಾತು ಹೇಳಬೇಕು. ಸ್ಟುಡಿಯೊದವರು ಮದುವೆಯ ಫೋಟೊಕ್ಕಿಂತ ಹೆಚ್ಚು ಮುತುವರ್ಜಿಯಿಂದ ಮಾಡುವುದು ಸತ್ತವರ ಫೋಟೊ. ಗೋಡೆಗೆ ಹಾಕಿ ಹಾರ ಹಾಕುವಂಥದ್ದು. ಸತ್ತವರ ಮುಖದಲ್ಲಿ ರೋಗ ಕಾಣಬಾರದು, ಆಯಾಸ ಕಾಣಬಾರದು. ಹತ್ತು ವರ್ಷ ಹಿಂದಕ್ಕೆ ಒಯ್ದು ಕೊಡಬೇಕು. ಮನೆಯವರು ಅದನ್ನು ನೋಡಿ ಕಣ್ಣೊರೆಸಿಕೊಂಡು ಕೈಮುಗಿಯಬೇಕು. ಅದು ಅವರ ಧರ್ಮ, ಹಾಗೆ ತಿಳಿದು ಮಾಡುವವರಲ್ಲಿ ಕೆಟ್ಟವರು ಯಾರೂ ಇಲ್ಲ.

ಅಪ್ಪ ಹಿಂದೆ ಬಂದು ನಿಂತರು.

"ಸತ್ತವರದೇನ?"

"ಹೂಂ."

"ಹಂಗಾರ ಚೊಕ್ಕ ಮಾಡಿ ಕೊಡವಾ. ಪಾಪ, ಎಷ್ಟ ಸೊರಗ್ಯಾರ ನೋಡು."

ಪಾಪ ಎಂದು ಅವಳಿಗೂ ಅನ್ನಿಸಿತು. ಸ್ವಲ್ಪ ಆಯಾಸ ತೆಗೆಯೋಣ ಎಂದುಕೊಂಡಳು. ಸ್ವಲ್ಪ ತೆಗೆದ ಮೇಲೆ ಇನ್ನೊಂದು ಸ್ವಲ್ಪ ಬೇಕೆನಿಸಿತು. ಮುಖ ಸ್ವಲ್ಪ ತಿಳಿ ಮಾಡಿದರೆ ತಪ್ಪೇನು? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹತ್ತು ವರ್ಷದ ಕೈಗುಣವೂ ಹಾಗೇ. ಕಣ್ಣು ನೀರು ತುಂಬಿಕೊಂಡಿತ್ತು, ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಮುಗಿದ ಮೇಲೆ ಯಾವಾಗಲೂ ಮಾಡುವಂತೆ ಹಳೆಯದರ ಮೇಲೆಯೇ ಉಳಿಸಿದಳು.

ಏಳನೆಯ ದಿನದ ಪ್ರಾರ್ಥನೆ ಮುಗಿಸಿ ಜನ ಚದುರಿದ ಮೇಲೆ ಅವಳು ಕಟ್ಟು ಹಾಕಿಸಿದ ಫೋಟೊ ತೆಗೆದು ರೊಜಿನಾಳ ಕೈಗೆ ಕೊಟ್ಟಳು. ಮನೆಯ ಮೂಲೆಯಲ್ಲಿ ಶಿಲುಬೆ, ಅದರ ಕೆಳಗೆ ಹಿರಿಯರ ಹೆಸರಿನಲ್ಲಿ ಇಟ್ಟ ತೆಂಗಿನಕಾಯಿ. ಅಲ್ಲಿ ಗೋಡೆಗೆ ಮೊಳೆ ಹೊಡೆದು ಸಿದ್ಧ ಮಾಡಿದ್ದರು.

ರೊಜಿನಾ ಕಾಗದ ಬಿಚ್ಚಿದಳು. ನೋಡಿದಳು. ಮತ್ತೆ ಕಾಗದ ಸುತ್ತಿದಳು.

"ಚಲೋ ಐತ್ರಿ, ಬಾಯಿ."

ಒಳಗೆ ಹೋಗಿ ಟ್ರಂಕು ತೆರೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು.

ಮಾಸ್ತರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಎರಡೂ ಸದ್ದು ಅವರಿಗೆ ಕೇಳಿದವು.

ಮಾಸ್ತರು ದೋಣಿಯಲ್ಲಿ ಈಚೆ ಬಂದರು. ಮನೆಗೆ ಬಂದು ಜಗುಲಿಯ ಮೇಲೆ ಕೂತ ಮೇಲೆ ಕೇಳಿದರು.

"ನೀ ತಗದ ಚಿತ್ರ ಅಕ್ಕ ಕೈಯಾಗ ಹಿಡದು ನೋಡಿದ್ಲು. ಆವತ್ತ ರೊಜಿನಾ ಅತ್ತಿದ್ಲು. ಇವತ್ತ ಯಾಕ ಅಳಲಿಲ್ಲ?"

ವತ್ಸಲಾ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಗ್ವಾಡಿಗೆ ಯಾಕ ಹಾಕಲಿಲ್ಲ?"

"ಗೊತ್ತಿಲ್ರಿ."

"ಗೊತ್ತೈತಿ."

ಆಗಲೇ, ಆ ಕ್ಷಣದಲ್ಲೇ, ಅವಳಿಗೆ ತಾನು ಮಾಡಿದ್ದು ಏನು ಎಂಬುದು ಪೂರ್ತಿ ಕಂಡಿತು.

"ಗುರುಗಳ, ನಾ ಅದಕ್ಕ ಕೈ ಹಚ್ಚಿದೆ."

"ಮದಲಿಂದು ಐತೇನು?"

"ಇಲ್ರಿ. ಅದರ ಮ್ಯಾಲೇ ಉಳಿಸಿದೆ."

"ಕ್ಯಾಮೆರಾದಾಗ?"

"ಅದರಾಗ ಮದುವಿ ತುಂಬ್ಯದ್ರಿ."

ಮಾಸ್ತರು ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವರು ಕೋಲು ಊರಿಕೊಂಡು ಹೊಳೆಯ ಮೆಟ್ಟಿಲಿಳಿದು, ಕಾಲು ನೀರಿಗೆ ಬಿಟ್ಟು ಕೂತರು. ಆ ದಿನ ಉಣ್ಣಲಿಲ್ಲ. ಮರುದಿನವೂ ಅಲ್ಲೇ. ಗಂಜಿ ತಂದು ಪಕ್ಕದಲ್ಲಿಟ್ಟರೆ ಅದಕ್ಕೆ ಇರುವೆ ಮುತ್ತುತ್ತಿತ್ತು. ಅಕ್ಕ ಸತ್ತ ದಿನ ಅವರು ಹೀಗೆ ಕೂತಿರಲಿಲ್ಲವಂತೆ.

ಮೂರನೆಯ ದಿನ ಕರೆದರು.

"ಆಚೆ ದಂಡಿಗೆ ಹೋಗು. ರೊಜಿನಾಗ ಖರೇ ಏನೈತಿ ಅದನ್ನ ಹೇಳಿ ಬಾ."

"ನನ್ನ ಮುಖಾ ನೋಡತಾಳೇನ್ರಿ ಆಕಿ?"

"ಅದು ಆಕಿಗೆ ಬಿಟ್ಟದ್ದು. ನೀ ಹೋಗು."

ರೊಜಿನಾ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ವತ್ಸಲಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ರೊಜಿನಾ ಕೈ ನಿಲ್ಲಿಸದೆ ಕೇಳಿದಳು. ಕೇಳಿ ಮುಗಿದ ಮೇಲೆ ಕೈ ಝಾಡಿಸಿಕೊಂಡು ಎದ್ದಳು.

"ಬರ್ರಿ ಒಳಗ."

ಟ್ರಂಕು ತೆರೆದು ವತ್ಸಲಾಳ ಫೋಟೊ ತೆಗೆದು ಹೊರಸಿನ ಮೇಲಿಟ್ಟಳು. ಆಮೇಲೆ ಸೀರೆಗಳ ಅಡಿಯಿಂದ ಇನ್ನೊಂದು ಹಳೆಯ ಫೋಟೊ ತೆಗೆದು ಅದರ ಪಕ್ಕದಲ್ಲಿಟ್ಟಳು. ಅಂಚು ಹಳದಿಯಾದ ಸ್ಟುಡಿಯೊ ಚಿತ್ರ. ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ ಹರೆಯದ ಹೆಂಗಸು. ಮುಖ ಬೆಳ್ಳಗೆ, ನುಣ್ಣಗೆ ಇತ್ತು. ಕುರ್ಚಿಯ ಮೇಲಿದ್ದ ಕೈ ಕಪ್ಪಗಿತ್ತು.

"ಯಾರು ಗೊತ್ತೇನ್ರಿ?"

"ಇಲ್ಲ."

"ನಮ್ಮವ್ವ. ಮಾವ ಧಾರವಾಡದಾಗ ಸ್ಟುಡಿಯೊ ಕೆಲಸಕ್ಕ ಇದ್ದಾಗಿಂದು. ಅವ್ವನ್ನ ಕರಕೊಂಡು ಹೋಗಿ ತಗಸಿದ್ದ. ಟಚಿಂಗ್ ಅವನ ಕೈದ."

ವತ್ಸಲಾ ಹೊರಸಿನ ಕಾಲು ಹಿಡಿದು ನೆಲದ ಮೇಲೆ ಕೂತಳು.

"ರೇಶನ್ ಕಾರ್ಡಿನ್ಯಾಗ ನೋಡಿದ್ರ ಅವ್ವ ಮಸಿ. ಎರಡ ಕಣ್ಣ ಬಿಟ್ಟರ ಏನೂ ಕಾಣಂಗಿಲ್ಲ. ಇಲ್ಲಿ ನೋಡಿದ್ರ ಹಿಟ್ಟು." ರೊಜಿನಾಳ ದನಿ ಆಗ ಒಡೆಯಿತು. "ಆವತ್ತ ನಿಮ್ಮ ಕ್ಯಾಮೆರಾದಾಗ ನಾ ಅವ್ವನ್ನ ನೋಡಿದ್ದೆ, ಬಾಯಿ. ಅಂಗೈಯಷ್ಟ ಇತ್ತು. ಆದ್ರ ಅವ್ವ ಇದ್ಲು."

ಅವಳು ಬೈಯಲೂ ಇಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ಎರಡು ಫೋಟೊಗಳನ್ನೂ ಒಂದರ ಮೇಲೊಂದಿಟ್ಟು ಟ್ರಂಕಿಗೆ ಹಾಕಿದಳು. ಮೂಲೆಯ ಗೋಡೆಯಲ್ಲಿ ಮೊಳೆ ಹಾಗೇ ಇತ್ತು.

ವತ್ಸಲಾ ಹೊಳೆ ದಾಟಿ ಬಂದಾಗ ಮಾಸ್ತರು ಮೆಟ್ಟಿಲ ಮೇಲೇ ಇದ್ದರು. ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು.

"ಟ್ರಂಕಿನ್ಯಾಗ ಇನ್ನೊಂದ ಫೋಟೊ ನೋಡಿದೆನ್ರಿ."

"ಹೂಂ."

ಮಾಸ್ತರು ತಾವಾಗಿ ಹೇಳಿದರು.

"ಆಗ ಗಾಜಿನ ನೆಗೆಟಿವ್. ಅದರ ಮ್ಯಾಲ ಸೀಸದ ಕಡ್ಡಿ ಆಡಿಸಿದ್ರ ಮುಖಾ ಬೆಳ್ಳಗ ಬರ್ತಿತ್ತು. ನಾ ಮೂರ ದಿನಾ ಕುಂತು ಮಾಡಿದೆ. ಮಾಲಕ ನೋಡಿ ಶಾಬಾಸ್ ಅಂದ. ಅಕ್ಕಗ ಒಳ್ಳೇದ ಮಾಡೀನಂತ ಖುಷಿಯಾಗಿ ಒಯ್ದು ಕೊಟ್ಟೆ."

"ಅವರು ಏನಂದ್ರು?"

"ಏನೂ ಬೈಲಿಲ್ಲ. ಬಾಳೊತ್ತ ನೋಡಿದ್ಲು. 'ಈಕಿ ಯಾರ ಜುಜ್ಯಾ?' ಅಂದ್ಲು."

ಹೊಳೆಯ ನಡುವೆ ಒಂದು ಮೀನು ಹಾರಿ ಬಿತ್ತು. ಮಾಸ್ತರು ಸದ್ದಿನ ಕಡೆ ತಿರುಗಿದರು.

"ಆಮ್ಯಾಲ ಕೆಲಸಾ ಬಿಟ್ಟೆ. ನಮ್ಮ ಮಂದಿ ಎಲ್ಲೆಲ್ಲಿ ಅದಾರೋ ಅಲ್ಲೆಲ್ಲಾ ಹೋದೆ. ಇದ್ದಂಗ ತಗಿಯೂದು ಕಲತೆ. ಮಂದಿ ಹೊಗಳಿದ್ರು. ನಾನೇನು ಮಂದೀ ಸಲುವಾಗಿ ತಗದಿದ್ದೆನ? ಒಂದೊಂದ ಚಿತ್ರ ತಂದು ಅಕ್ಕಗ ತೋರಸ್ತಿದ್ದೆ. ಈಗರ ನನಗ ನೋಡಾಕ ಬರತೈತಿ, ಬಂದು ಕುಂಡ್ರು ಅನ್ನೂ ಹಂಗ. ಆಕಿ ನೋಡ್ತಿದ್ಲು, ಚಲೋ ಐತಿ ಅಂತಿದ್ಲು, ಎದ್ದು ಒಳಗ ಹೋಗ್ತಿದ್ಲು."

ವತ್ಸಲಾ ಕಣ್ಣೊರೆಸಿಕೊಂಡಳು.

"ನಾ ಊರಿಗೆ ಹೋಗ್ತೀನ್ರಿ, ಗುರುಗಳ. ಈ ಕೈಯಾಗ ಇನ್ನ ಕ್ಯಾಮೆರಾ ಹಿಡಿಯಂಗಿಲ್ಲ."

"ಹೋಗಬೇಕಂದ್ರ ಹೋಗು. ಅದಕ್ಕಿಂತ ಮದಲ ಒಂದ ಕೆಲಸಾ ಐತಿ."

"ಏನ್ರಿ?"

"ಏನೇನು ಅಳಸಿದಿ, ಹೇಳು."

ಅವಳಿಗೆ ಅರ್ಥವಾಗಲಿಲ್ಲ.

"ಅಕ್ಕನ ಮುಖದಾಗ ಏನೇನು ಅಳಸಿದಿ? ಒಂದೊಂದ ಹೇಳು."

"ನೆನಪಿಲ್ರಿ ಗುರುಗಳ. ಅಳಕೋತ ಮಾಡೀನಿ."

"ನೆನಪೈತಿ. ಅಳಸಿದ ಕೈಗೆ ಮರವು ಬರಂಗಿಲ್ಲ. ಐವತ್ತ ವರ್ಷ ಆತು, ನನಗ ಇನ್ನೂ ಬಂದಿಲ್ಲ. ಹೇಳು."

ವತ್ಸಲಾ ಕಣ್ಣು ಮುಚ್ಚಿದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಅವಳ ಬಲಗೈಯ ಬೆರಳು ತಾನಾಗಿಯೇ ಮೊಣಕಾಲಿನ ಮೇಲೆ ಸಣ್ಣಗೆ ಆಡತೊಡಗಿತು.

"ಹಣೀ ಮ್ಯಾಲ ಮೂರ ಗೆರಿ ಇದ್ದೂರಿ. ನಡುವಿಂದು ಅರ್ಧಕ್ಕ ತುಂಡಾಗಿತ್ತು. ಮೂರೂ ತಗದೆ."

"ಹೂಂ."

"ಎಡಗಡೆ ಹುಬ್ಬಿನ್ಯಾಗ ಒಂದ ಗಾಯದ ಗುರುತು. ಅಲ್ಲಿ ಕೂದಲ ಇರಲಿಲ್ಲ. ಅಲ್ಲಿ ಹುಬ್ಬ ತುಂಬಿದೆ."

"ಕಟಗಿ ಸೀಳುಮುಂದ ಚಕ್ಕಿ ಹಾರಿತ್ತು." ಮಾಸ್ತರರ ಕೈ ತಮ್ಮದೇ ಹುಬ್ಬಿಗೆ ಹೋಯಿತು. "ನಾ ಹಸದೀನಂತ ಅಳಾಕತ್ತಿದ್ದೆ. ಮುಂದ?"

"ಕಣ್ಣಿನ ಕೆಳಗ ಚೀಲ ಬಂದಿದ್ದೂರಿ. ಅಲ್ಲಿ ಕಪ್ಪಿನ್ಯಾಗ ನೀಲಿ ಇತ್ತು. ಅದನ್ನ ತಿಳಿ ಮಾಡಿದೆ. ಮೂಗಿನ್ಯಾಗ ತೂತಿತ್ತು, ನತ್ತು ಇರಲಿಲ್ಲ. ಅದನ್ನ ಮುಚ್ಚಿದೆ."

"ನತ್ತು ಯಾವಾಗ ತಗದ್ಲು?" ಮಾಸ್ತರು ತಮ್ಮಷ್ಟಕ್ಕೆ ಕೇಳಿಕೊಂಡರು. "ನನಗ ಗೊತ್ತ ಆಗಲಿಲ್ಲ. ನಾ ಊರಾಗ ಎಲ್ಲಿದ್ದೆ?"

"ಬಲಗಡೆ ಗಲ್ಲ ಒಳಗ ಹೋಗಿತ್ರಿ, ಅಲ್ಲಿ ಹಲ್ಲ ಇರಲಿಲ್ಲ ಕಾಣತದ. ಅದನ್ನ ಉಬ್ಬಿಸಿದೆ. ಕೆಳಗಿನ ತುಟಿ ನಡುವ ಒಂದ ಕಡೆ ಕೆಂಪಗ ಇತ್ತು, ಕೂಸಿನ ತುಟಿ ಹಂಗ. ಅದನ್ನ ಎಲ್ಲಾ ಒಂದ ಬಣ್ಣ ಮಾಡಿದೆ."

ಮಾಸ್ತರು ತಲೆಯಾಡಿಸಿದರು. ಅವರ ಬೆರಳು ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ತುಟಿಗೆ ಇಳಿದು ಬಂದಿತ್ತು.

"ಕಣ್ಣಿನ್ಯಾಗ ಏನಾರ ಅಳಸಿದೇನು?"

ವತ್ಸಲಾಳ ಬೆರಳು ಮೊಣಕಾಲಿನ ಮೇಲೆ ನಿಂತಿತು.

"ನೀರಿತ್ರಿ. ಬಲಗಣ್ಣಿನ ತುದಿಗೆ. ಒರಸಿದೆ."

"ಅಳತಿದ್ಲೇನು?"

"ಇಲ್ರಿ. ನಗತಿದ್ರು. ಬಾಯಿಲೆ ಅಲ್ಲ, ಕಣ್ಣಿಲೆ. ಮತ್ತ ಕಣ್ಣು ನನ್ನ ಕಡೆ ಇರಲಿಲ್ರಿ. ಹಾರ ಹಾಕೂ ಫೋಟೊದಾಗ ಕಣ್ಣು ಎದುರಿಗೇ ಇರಬೇಕಂತಾರ, ಅದಕ್ಕ ತಿರಗಿಸಿದೆ."

"ಎಲ್ಲಿ ನೋಡತಿದ್ಲು?"

"ನೀವು ನನ್ನ ಬಾಜೂಕ, ಬಾಗಲದ ಚೌಕಟ್ಟಿಗೆ ತಲಿ ಹಚ್ಚಿ ನಿಂತಿದ್ರಿ." ಅವಳು ಅವರ ಕಡೆ ತಿರುಗಿದಳು. "ನಿಮ್ಮನ್ನ ನೋಡತಿದ್ರು."

ಮಾಸ್ತರು ಅತ್ತರು. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ ಅತ್ತರು. ವತ್ಸಲಾಗೆ ಅಲ್ಲಿ ಕೂತಿರುವುದು ಕಷ್ಟವಾಯಿತು. ಬೇಗ ಹೇಳಿ ಮುಗಿಸಿಬಿಡಬೇಕು ಎನ್ನಿಸಿತು.

"ಆಮ್ಯಾಲ ಗದ್ದದ ಮ್ಯಾಲ ಮೂರ ಬಿಳೀ ಕೂದಲ, ಕುತಿಗಿ ನೆರಗಿ, ಕಿವಿ ತೂತು ದೊಡ್ಡದಾಗಿ ಜೋತಬಿದ್ದಿತ್ತು, ಅದನ್ನೆಲ್ಲಾ..."

ಮಾಸ್ತರು ಕೈ ಚಾಚಿ, ತಡಕಾಡಿ, ಅವಳ ಕೈ ಹಿಡಿದು ನಿಲ್ಲಿಸಿದರು.

"ಸಾವಕಾಶ ಹೇಳ, ಮಗಳ. ಆಕೀನ್ನ ನಾ ಇನ್ನೂ ಪೂರಾ ನೋಡಿಲ್ಲ."